ಒಂಬತ್ತು ದಿನದ ಕಟ್ಟು

ಮೊದಲು ತಣ್ಣಗಾಗಿದ್ದು ಕಿರುಬೆರಳು.

ಮಗಳು ಕೆಂಪಿ ಸೀಬೆಮರದಿಂದ ಬಿದ್ದ ದಿನ ಸಂಜೆ ಅವಳ ಅವ್ವ ಅದನ್ನು ಮುಟ್ಟಿ ನೋಡಿ ನನಗೆ ಹೇಳಿದಳು. ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡು ಎಲೆಯಡಿಕೆ ಬಾಯಿಗೆ ಹಾಕಿಕೊಂಡೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಬರೆಯುತ್ತಾ ಹೋದಂತೆ ನನಗೆ ಗೊತ್ತಿರಲಿಲ್ಲ, ಯಾರೂ ಹೇಳಲಿಲ್ಲ ಅಂತ ನೆಪ ತೆಗೆಯುವ ಚಪಲ ಬರುತ್ತದೆ. ಹೇಳಿದ್ದರು. ಮೊದಲನೇ ದಿನವೇ ಹೇಳಿದ್ದರು.

ನನ್ನ ಹೆಸರು ಪುಟ್ಟಮಾದ. ಹುಣಸೂರಿನಲ್ಲಿ ಗರಡಿಮನೆ ನಡೆಸುತ್ತೇನೆ. ಬೆಳಕು ಹರಿಯುವ ಹೊತ್ತಿಗೆ ಪೈಲ್ವಾನರು ಬಂದು ಸಾಮು ಮಾಡಿ ಹೋಗುತ್ತಾರೆ. ಬಿಸಿಲು ಬಿದ್ದ ಮೇಲೆ ಪೇಟೆಯವರು ಬರುತ್ತಾರೆ. ಅಮಲ್ದಾರರ ಕಚೇರಿಯ ಗುಮಾಸ್ತರು, ಟಿಂಬರ್ ಡಿಪೋದವರು, ಕಾಫಿ ವರ್ಕ್ಸಿನ ರೈಟರುಗಳು, ಸ್ಕೂಲು ಮೇಷ್ಟ್ರುಗಳು. ಒಬ್ಬನಿಗೆ ಸೊಂಟ ಹಿಡಿದಿರುತ್ತದೆ, ಒಬ್ಬನಿಗೆ ಕತ್ತು ತಿರುಗುವುದಿಲ್ಲ. "ಕುರ್ಚಿಗೆ ಅಂಟ್ಕೊಂಡು ಕುಂತ್ರೆ ಸೊಂಟ ಇಡೀದೆ ಇನ್ನೇನ್ ಸ್ವಾಮಿ ಮಾಡ್ತದೆ" ಅಂತ ಬೈದು, ಎಣ್ಣೆ ಹಚ್ಚಿ ತಿಕ್ಕಿ, ಹತ್ತು ದಂಡ, ಇಪ್ಪತ್ತು ಬೈಠಕ್ ಹೊಡೆಸಿ, ಬಿಸಿನೀರು ಹುಯ್ಯಿಸಿ ಕಳಿಸುತ್ತಿದ್ದೆ. ವಾಸಿಯಾಗುತ್ತಿತ್ತು. ನನ್ನ ಮೂಗು ಮುಗಿಲಿಗೆ ಏರಿತ್ತು.

ಅದರ ಮೇಲೆ ಮೂಳೆ ಕೂರಿಸುವ ವಿದ್ಯೆ. ನಮ್ಮ ತಾತನಿಂದ ಬಂದದ್ದು. ಪಿರಿಯಾಪಟ್ಟಣ, ಕೋಟೆ, ಸಾಲಿಗ್ರಾಮದ ಕಡೆಯಿಂದೆಲ್ಲ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಮುರಿದ ಮೂಳೆಯನ್ನು ಎಳೆದು ಕೂರಿಸಿ, ಬಟ್ಟೆಗೆ ಕೋಳಿಮೊಟ್ಟೆಯ ಲೋಳೆ ಮತ್ತು ಉದ್ದಿನ ಹಿಟ್ಟು ಬಳಿದು ಸುತ್ತಿ, ಮೇಲೆ ನಾಲ್ಕು ಬಿದಿರಿನ ದಬ್ಬೆ ಇಟ್ಟು ಬಿಗಿಯುವುದು. ಗರಡಿಯ ಆಂಜನೇಯನಿಗೆ ಕರ್ಪೂರ ಹಚ್ಚುವುದು. ಆಮೇಲೆ ಒಂಬತ್ತು ದಿನ ಆ ಕಟ್ಟನ್ನು ಮುಟ್ಟುವ ಹಾಗಿಲ್ಲ. ನಡುವೆ ಬಿಚ್ಚಿದರೆ ಕೂಡುತ್ತಿರುವ ಮೂಳೆ ಕಳಚಿಕೊಳ್ಳುತ್ತದೆ, ಕಟ್ಟಿದವನ ಕೈಗುಣವೂ ಹೋಗುತ್ತದೆ. ತಾತ ಅಪ್ಪನಿಗೆ ಹೇಳಿದ್ದು, ಅಪ್ಪ ನನಗೆ ಹೇಳಿದ್ದು. ನಾನು ಒಂದು ಸಲವೂ ಬಿಚ್ಚಿರಲಿಲ್ಲ.

ಕೆಂಪಿಗೆ ಎಂಟು ವರ್ಷ. ನಮಗೆ ಅವಳೊಬ್ಬಳೇ. ಹಿತ್ತಲಿನ ಸೀಬೆಮರ ಹತ್ತಿದ್ದಳು. ಬಿದ್ದಾಗ ಬಲಗೈ ಊರಿಕೊಂಡು ಬಿದ್ದಳು. ಮೊಣಕೈ ಮೇಲೆ ಮೂಳೆ ಮುರಿದಿತ್ತು. ಗರಡಿಯಿಂದ ಓಡಿಬಂದು ನೋಡಿದವನು ನಾನು ನಕ್ಕೆ. ಹೌದು, ನಕ್ಕೆ. ಅವಳಿಗೆ ಧೈರ್ಯ ಬರಲಿ ಅಂತ. "ಇಷ್ಟೇಯಾ! ನಿಮ್ಮಪ್ಪ ಯಾರು ಅಂದ್ಕೊಂಡಿದೀಯೆ?" ಎಳೆದು ಕೂರಿಸಿದೆ. ಲಟಕ್ ಅಂತ ಕೂತಿತು. ಇಷ್ಟು ಚೆನ್ನಾಗಿ ನನ್ನ ಕೈಯಲ್ಲಿ ಯಾವತ್ತೂ ಕೂತಿರಲಿಲ್ಲ. ನನ್ನ ಮಗಳು ನೋಡಿ, ಬೇರೆಯವರಿಗಿಂತ ಒಂದು ಸುತ್ತು ಹೆಚ್ಚೇ ಬಿಗಿದೆ.

ಮಾರನೇ ದಿನ ಬೆಳಿಗ್ಗೆಯಿಂದ ಒಂದೇ ಮಾತು. "ಅಪ್ಪಯ್ಯ, ಬಿಚ್ಚು. ಕೈ ಉರೀತದೆ. ವಸಿ ಬಿಚ್ಚು."

"ಸುಮ್ಕಿರವ್ವ. ಮೂಳೆ ಕೂಡ್ತಾ ಅದೆ ಕಣೆ, ಅದ್ಕೇ ನೋವು. ಪೈಲ್ವಾನ್ರ ಮಕ್ಳು ಅಳ್ತಾರಾ?"

"ಬಿಚ್ಚು ಅಪ್ಪಯ್ಯ."

ಗರಡಿಯಲ್ಲಿ ನೋವೆಂದರೆ ಒಳ್ಳೆಯ ಲಕ್ಷಣ. ಹೊಸಬರು ಮೊದಲ ವಾರ ಮೈಕೈ ನೋವು ಅಂತ ಮುಲುಗಿದರೆ ನಾವು ಬೆನ್ನು ತಟ್ಟುತ್ತೇವೆ, ಮೈ ತಯಾರಾಗುತ್ತಿದೆ ಅನ್ನುತ್ತೇವೆ. ಇಷ್ಟು ವರ್ಷ ಅದನ್ನೇ ಹೇಳಿ ಹೇಳಿ, ನೋವಿನಲ್ಲಿ ಬೇರೆ ಜಾತಿಯ ನೋವೂ ಇದೆ ಅನ್ನುವುದೇ ನನ್ನ ತಲೆಗೆ ಬರಲಿಲ್ಲ. ಬೆರಳು ಊದಿಕೊಂಡಿದ್ದವು. ಯಾರಾದರೂ ಒಂದು ಬೆರಳನ್ನು ನೆಟ್ಟಗೆ ಮಾಡಲು ಹೋದರೆ ಕೂಗು ಬೀದಿಗೆ ಕೇಳುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ಊಟಕ್ಕೆ ಬಂದಾಗ ನನ್ನ ಹೆಂಡತಿ ಚಿಕ್ಕತಾಯಿ ಕುಡುಗೋಲು ಹಿಡಿದು ಮಗುವಿನ ಪಕ್ಕ ಕೂತಿದ್ದಳು. ಕಟ್ಟಿನ ದಾರಕ್ಕೆ ಕುಡುಗೋಲಿನ ತುದಿ ಸಿಕ್ಕಿಸಿದ್ದಳು.

"ಉಗುರು ನೋಡಿ. ನೇರಳೆ ಅಣ್ಣಿನಂಗೆ ಆಗದೆ. ನಾನು ಬಿಚ್ತೀನಿ."

"ಮುಟ್ಟುದ್ರೆ ನೋಡು!"

ಕುಡುಗೋಲು ಕಿತ್ತುಕೊಂಡು ಅಂಗಳಕ್ಕೆ ಎಸೆದೆ. ನಾಲ್ಕು ಮನೆಗೆ ಕೇಳುವ ಹಾಗೆ ಕೂಗಾಡಿದೆ. ಹೆಂಗಸರಿಗೇನು ಗೊತ್ತು ಈ ವಿದ್ಯೆ, ಕಟ್ಟು ಬಿಚ್ಚಿದರೆ ಮಗಳು ಸೊಟ್ಟಗೈಯವಳಾಗುತ್ತಾಳೆ, ಆಗ ಯಾರು ಅವಳನ್ನು ಮದುವೆಯಾಗುತ್ತಾರೆ ಅಂದೆ. ಎಲ್ಲ ಅಂದೆ. ಅನ್ನದೇ ಉಳಿದಿದ್ದು ಒಂದೇ. ಕಟ್ಟಿದವನೇ ಬಿಚ್ಚಿದ ಅಂತ ಊರಿಗೆ ಗೊತ್ತಾದರೆ ನಾಳೆ ನನ್ನ ಬಾಗಿಲಿಗೆ ಯಾರು ಬರುತ್ತಾರೆ ಅನ್ನುವುದು. ಈಗ ಎದೆ ಮುಟ್ಟಿ ಹೇಳುತ್ತೇನೆ, ಆ ದಿನ ನನಗೆ ಮಗಳ ಕೈಗಿಂತ ನನ್ನ ಕೈಗುಣ ದೊಡ್ಡದಾಗಿತ್ತು. ನನ್ನ ಬಾಯಿಗೆ ಮಣ್ಣು ಹಾಕ.

ನಾಲ್ಕನೇ ದಿನ ಕೆಂಪಿ ಅಳು ನಿಲ್ಲಿಸಿದಳು.

ಬೆಳಿಗ್ಗೆ ಎದ್ದು ಎಡಗೈಯಲ್ಲಿ ಗಂಜಿ ಕುಡಿದಳು. ನೋವಿದೆಯಾ ಅಂತ ಕೇಳಿದೆ. ಇಲ್ಲ ಅಂದಳು. ನಾನು ಚಿಕ್ಕತಾಯಿಯ ಕಡೆ ತಿರುಗಿ ಹುಬ್ಬು ಹಾರಿಸಿದೆ. ಗರಡಿಗೆ ಹೋಗಿ ಎಲ್ಲರಿಗೂ ಒಂದೊಂದು ಚೂರು ಬೆಲ್ಲ ಹಂಚಿದೆ. "ನನ್ನ ಮಗಳು ನೋಡ್ರಲಾ, ಮೂರೇ ದಿನಕ್ಕೆ ನೋವು ಗೆದ್ದವ್ಳೆ" ಅಂದೆ. ಆ ಬೆಲ್ಲದ ರುಚಿ ಇವತ್ತಿಗೂ ನಾಲಿಗೆಯ ಮೇಲಿಂದ ಹೋಗಿಲ್ಲ. ಅಂದಿನಿಂದ ನಾನು ಬೆಲ್ಲ ತಿಂದಿಲ್ಲ.

ಒಂಬತ್ತನೇ ದಿನ ಕಟ್ಟು ಬಿಚ್ಚಿದೆ.

ಮೊಣಕೈಯ ಮಡಿಕೆಯಲ್ಲಿ ಚರ್ಮ ಕರ್ರಗೆ ಬೊಕ್ಕೆ ಎದ್ದಿತ್ತು. ಮುಂಗೈ ಒಣಕಲು ಕಡ್ಡಿಯ ಹಾಗೆ ಗಟ್ಟಿಯಾಗಿತ್ತು. ಬೆರಳುಗಳು ಅಂಗೈಯೊಳಕ್ಕೆ ಮಡಚಿಕೊಂಡಿದ್ದವು. ಬಿಡಿಸು ಅಂದೆ. ಅವಳು ನನ್ನ ಮುಖ ನೋಡಿದಳು. ತನ್ನ ಕೈ ನೋಡಿಕೊಂಡಳು. ಬೇರೆ ಯಾರದೋ ಕೈ ನೋಡಿದ ಹಾಗೆ ನೋಡಿದಳು.

ಕಟ್ಟಿನಲ್ಲಿದ್ದ ಕೈ, ಮರಗಟ್ಟಿದೆ, ತಿಕ್ಕಿದರೆ ಸರಿಹೋಗುತ್ತದೆ ಅಂದುಕೊಂಡೆ. ಇನ್ನೂ ಹದಿನೈದು ದಿನ ಎಣ್ಣೆ ಹಚ್ಚಿ, ಪೈಲ್ವಾನರ ತೊಡೆ ತಿಕ್ಕುವ ಕೈಯಲ್ಲಿ ಆ ಕಡ್ಡಿಯಂಥ ಕೈಯನ್ನು ತಿಕ್ಕಿದೆ. ಬೆರಳು ಹಿಡಿದು ಬಲವಂತವಾಗಿ ಎಳೆದೆ. ಅವಳು ಹಲ್ಲು ಕಚ್ಚಿಕೊಂಡಿರುತ್ತಿದ್ದಳು. ಅಷ್ಟು ಹೊತ್ತಿಗೆ ಬಿಚ್ಚು, ಬಿಡು ಅನ್ನುವುದನ್ನೇ ಅವಳು ನಿಲ್ಲಿಸಿಬಿಟ್ಟಿದ್ದಳು. ಹೇಳಿ ಪ್ರಯೋಜನವಿಲ್ಲ ಅಂತ ಮಗುವಿಗೆ ಗೊತ್ತಾಗಿತ್ತು.

ಒಂದು ದಿನ ಅಡಿಗೆಮನೆಯಿಂದ ಸುಟ್ಟ ವಾಸನೆ ಬಂತು. ಕೆಂಪಿ ಒಲೆಯ ಪಕ್ಕ ಕೂತು ಅವ್ವನೊಂದಿಗೆ ಮಾತಾಡುತ್ತಿದ್ದಳು. ಬಲಗೈ ಕಾದ ಮಡಕೆಗೆ ಆತುಕೊಂಡಿತ್ತು. ಕಿರುಬೆರಳು ಸುಡುತ್ತಿತ್ತು. ಅವಳು ಮಾತಾಡುತ್ತಲೇ ಇದ್ದಳು.

ಚಿಕ್ಕತಾಯಿ ಅಳಲಿಲ್ಲ, ಬಾಯಿ ಬಡಿದುಕೊಳ್ಳಲಿಲ್ಲ. ಬೆರಳಿಗೆ ಬೆಣ್ಣೆ ಹಚ್ಚಿದಳು, ಸೀರೆ ಬದಲಾಯಿಸಿದಳು, ಮಗುವನ್ನು ಎತ್ತಿಕೊಂಡಳು. "ನಾನು ಮೈಸೂರು ಆಸ್ಪತ್ರೆಗೆ ವೊಂಟೆ. ಬರಾದಾದ್ರೆ ಬನ್ನಿ."

ಹೋದೆ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಬಿಳಿಕೆರೆಯಲ್ಲಿ ನಿಲ್ಲಿಸಿ ಒಲೆ ಕೆದಕಿದರು. ನಾವು ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತೆವು. ಅಲ್ಲೊಬ್ಬ ಮುದುಕ ನನ್ನ ಗುರುತು ಹಿಡಿದು ಕೈಮುಗಿದ. "ಉಸ್ತಾದ್ರೇ, ನಿಮ್ಮ ಕಟ್ಟಿಂದ ನನ್ನ ಕಾಲು ಉಳೀತು" ಅಂದ. ಕೆಂಪಿಯ ಕೈಯನ್ನು ಚಿಕ್ಕತಾಯಿ ಸೆರಗಿನಿಂದ ಮುಚ್ಚಿದಳು. ನನ್ನ ಮರ್ಯಾದೆ ಉಳಿಸಲಿಕ್ಕೆ. ಆಗಲೂ ನನ್ನ ಮರ್ಯಾದೆ.

ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನವರು, ಕನ್ನಡಕ ಹಾಕಿದ್ದರು. ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಮೂಳೆ ಕೂರಿಸಿದವರು ಯಾರು?"

"ನಾನೇ ಬುದ್ಧಿ. ಅವ್ಳ ತಂದೆ."

"ಬಹಳ ಚೆನ್ನಾಗಿ ಕೂರಿಸಿದ್ದೀರಿ. ಒಂದು ಗೆರೆಯಷ್ಟೂ ಆಚೀಚೆ ಇಲ್ಲ."

ನನಗೆ ಜೀವ ಬಂದ ಹಾಗಾಯಿತು. ಎದೆಯುಬ್ಬಿಸಿ ಚಿಕ್ಕತಾಯಿಯ ಕಡೆ ನೋಡಿದೆ. ಆಮೇಲೆ ಅವರು ಕೇಳಿದರು: "ಮಗು ಅಳು ನಿಲ್ಲಿಸಿದ್ದು ಯಾವ ದಿನ?"

"ನಾಕನೇ ದಿನ ಬುದ್ಧಿ. ನೋವೆಲ್ಲ ವೊಂಟೋಯ್ತು."

ಅವರು ಪ್ಲೇಟನ್ನು ಕೆಳಗಿಟ್ಟರು. ಕನ್ನಡಕ ತೆಗೆದರು.

"ಅವತ್ತು ಕೈಯೊಳಗಿನ ಮಾಂಸ ಸತ್ತಿತು."

ಅವರು ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿದುಕೊಳ್ಳಬಹುದಿತ್ತು. ನಿಧಾನವಾಗಿ ತಿಳಿಸಿದರು. ಮೂಳೆ ಮುರಿದ ಕೈ ಊದುತ್ತದೆ. ಮೊಟ್ಟೆ, ಹಿಟ್ಟಿನ ಬಟ್ಟೆ ಒಣಗುತ್ತಾ ಒಣಗುತ್ತಾ ಬಿಗಿಯುತ್ತದೆ. ಒಳಗೆ ಕೈಗೆ ಜಾಗವೇ ಇಲ್ಲ. ರಕ್ತ ಇಳಿಯುವುದಿಲ್ಲ. ಬೆರಳು ತಣ್ಣಗಾಗುವುದು, ಉಗುರು ನೀಲಿಯಾಗುವುದು, ಬೆರಳು ಎಳೆದರೆ ಕೂಗುವುದು, ಎಲ್ಲವೂ ಬಿಚ್ಚಿ ಬಿಚ್ಚಿ ಅಂತ ಕೈ ಕೂಗಿಕೊಂಡಂತೆ. ಮೊದಲ ದಿನವೇ ಬಿಚ್ಚಿದ್ದರೆ ಕೈ ಉಳಿಯುತ್ತಿತ್ತು ಅಂದರು. ಸತ್ತ ಮಾಂಸ ಈಗ ಹಗ್ಗದ ಹಾಗೆ ಬಿಗಿದು ಬೆರಳುಗಳನ್ನು ಒಳಕ್ಕೆ ಎಳೆದುಕೊಂಡಿದೆ ಅಂದರು.

ಮೂಳೆ ನೆಟ್ಟಗಿತ್ತು. ಕೈ ಸತ್ತಿತ್ತು.

ವರಾಂಡದ ಕಂಬ ಹಿಡಿದು ನಿಂತೆ. ಕೆಂಪಿ ಬಂದು ನನ್ನ ಪಂಚೆ ಜಗ್ಗಿ, "ಸೂಜಿ ಚುಚ್ತಾರಾ ಅಪ್ಪಯ್ಯ?" ಅಂದಳು. ಇಲ್ಲ ಕಣವ್ವ ಅಂದೆ. ಅವಳು ನಂಬಿದಳು. ಇಷ್ಟಾದ ಮೇಲೂ ನನ್ನ ಮಾತನ್ನು.

ಮೂರು ವಾರ ವಾರ್ಡಿನಲ್ಲಿದ್ದೆವು. ಆಪರೇಷನ್ ಈಗಲೇ ಬೇಡ, ಮೊದಲು ಮಸಾಜ್, ಎಕ್ಸರ್‌ಸೈಜ್, ಸ್ಪ್ಲಿಂಟ್, ಇವುಗಳಿಂದ ಎಷ್ಟು ಬರುತ್ತದೋ ನೋಡೋಣ ಅಂದರು ಡಾಕ್ಟರು. ಪೂರ್ತಿ ಕೈ ಬರುವುದಿಲ್ಲ, ಉಪಯೋಗಕ್ಕೆ ಬರುವಷ್ಟು ಬಂದರೆ ಪುಣ್ಯ ಅಂತಲೂ ಅಂದರು. ಕೊಡಗಿನ ಕಡೆಯ ಒಬ್ಬ ನರ್ಸಮ್ಮ ಅದನ್ನು ಕಲಿಸಿಕೊಡುತ್ತಿದ್ದರು. ಗಟ್ಟಿ ಹೆಂಗಸು. ನಾನು ಎಣ್ಣೆ ಕೈ ಮಾಡಿಕೊಂಡು ತಿಕ್ಕಲು ಕೂತದ್ದೇ ತಡ, ಮಣಿಕಟ್ಟಿಗೆ ಪಟ್ ಅಂತ ಹೊಡೆದರು.

"ಇದೇನು ಕೋಣದ ಬೆನ್ನಾ? ಮೆಲ್ಲಗೆ. ಕಣ್ಣಿನ ರೆಪ್ಪೆ ಮುಟ್ಟುವ ಹಾಗೆ ಮುಟ್ಟಬೇಕು."

"ನಂಗೆ ಈ ಕೆಲ್ಸ ಗೊತ್ತದೆ ಕಣ್ರಮ್ಮ, ಇಪ್ಪತ್ತು ವರ್ಷದಿಂದ—"

"ಗೊತ್ತಿರುವುದನ್ನು ಮೊದಲು ಮರೆಯಿರಿ."

ಮರೆತೆ. ಮರೆಯಲಿಕ್ಕೆ ಎಷ್ಟು ದಿನ ಬೇಕಾಯಿತು! ನನ್ನ ಹೆಬ್ಬೆರಳಿಗೆ ತೂಕ ಹಾಕಿ ಒತ್ತುವುದೊಂದೇ ಗೊತ್ತು. ಒತ್ತದೇ ಮುಟ್ಟುವುದನ್ನು ಹೊಸದಾಗಿ ಕಲಿತೆ. ಬಿಸಿನೀರಿನಲ್ಲಿ ಕೈ ಅದ್ದುವುದು. ಮಣಿಕಟ್ಟನ್ನು ಕೆಳಕ್ಕೆ ಬಗ್ಗಿಸಿದರೆ ಬೆರಳು ತಾವಾಗಿಯೇ ಸ್ವಲ್ಪ ಬಿಡುತ್ತವೆ. ಬಿಟ್ಟ ಬೆರಳನ್ನು ಹಾಗೇ ಹಿಡಿದು, ಮಣಿಕಟ್ಟನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆ ಎತ್ತುವುದು. ಅವಳ ಮುಖ ಕಿವುಚಿದರೆ ನಿಲ್ಲಿಸುವುದು. ನಿಲ್ಲಿಸುವುದು ಅನ್ನುವುದನ್ನು ನರ್ಸಮ್ಮ ಮೂರು ಮೂರು ಸಲ ಹೇಳುತ್ತಿದ್ದರು. ಆಮೇಲೆ ಹಲಗೆಯ ಸ್ಪ್ಲಿಂಟಿಗೆ ಬೆರಳುಗಳನ್ನು ಮೆತ್ತಗೆ ಕಟ್ಟಿ, ಉಗುರನ್ನು ಒತ್ತಿ ಬಿಡುವುದು. ಬೆಳ್ಳಗಾದ ಉಗುರು ತಕ್ಷಣ ಕೆಂಪಾದರೆ ಕಟ್ಟು ಸರಿಯಾಗಿದೆ. ಕೆಂಪಾಗದಿದ್ದರೆ ಬಿಚ್ಚಬೇಕು. ಅಷ್ಟೇ. ಅಷ್ಟು ಸಣ್ಣ ವಿಷಯ. ಕೆಂಪಿಗೆ ಅದೊಂದು ಆಟವಾಯಿತು. ವಾರ್ಡಿನಲ್ಲಿ ಯಾರ ಕೈಕಾಲಿಗೆ ಬ್ಯಾಂಡೇಜ್ ಇದ್ದರೂ ಹೋಗಿ ಉಗುರು ಒತ್ತಿ ನೋಡುತ್ತಿದ್ದಳು.

ಊರಿಗೆ ಬಂದ ಮೇಲೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದೇ ಕೆಲಸ. ಬೆಳಗಿನ ಹೊತ್ತು ಗರಡಿಯ ಕಡೆ ತಲೆ ಹಾಕುವುದನ್ನೇ ಬಿಟ್ಟೆ. ಗುಮಾಸ್ತರು ಸೊಂಟ ಹಿಡಿದುಕೊಂಡು ಬಂದರೆ ಜಗಲಿಯ ಮೇಲೆ ಕೂರಿಸಿ, ದಿನಾ ನದಿಯವರೆಗೆ ನಡೆದು ಬನ್ನಿ, ನೋವು ಬಂದ ಕಡೆ ನಿಲ್ಲಿಸಿ ಅನ್ನುತ್ತಿದ್ದೆ. "ಏನ್ ಉಸ್ತಾದ್ರೇ, ಮೆತ್ತಗಾಗಿಬಿಟ್ರಿ?" ಅಂತ ನಗುತ್ತಿದ್ದರು. ಮೂಳೆಗೆ ಅಂತ ಬಂದವರನ್ನು ಮುಟ್ಟಲೇ ಇಲ್ಲ. ಮೈಸೂರಿನ ದಾರಿ ತೋರಿಸಿದೆ.

ಬೆರಳಿಗೆ ಕಸುವು ಬರಲು ಮೆತ್ತಗಿನದೇನಾದರೂ ನಾದಿಸಿ ಅಂದಿದ್ದರು ನರ್ಸಮ್ಮ. ರಾಗಿಹಿಟ್ಟು ಅಂಟುತ್ತಿತ್ತು. ಗರಡಿಯಲ್ಲಿ ಕುಸ್ತಿಯಾಡುವ ಮಟ್ಟಿಯ ಕೆಂಪುಮಣ್ಣು ನೆನಪಾಯಿತು. ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಮಣ್ಣು ಅದು. ಹೆಣ್ಣುಮಕ್ಕಳು ಅದನ್ನು ತುಳಿಯುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ, ಅದು ಹೊರಗೆ ಹೋಗುವ ಹಾಗೂ ಇಲ್ಲ. ಒಂದು ಮಂಕರಿ ತುಂಬಿಕೊಂಡು ಮನೆಗೆ ಹೊತ್ತುಕೊಂಡು ಬಂದು ಕೆಂಪಿಯ ಮುಂದೆ ಸುರಿದೆ. ಪೈಲ್ವಾನರು ಗುರ್ರೆಂದರು. ಒಬ್ಬಿಬ್ಬರು ಗರಡಿ ಬಿಟ್ಟರು. ಹೋದರೆ ಹೋಗಲಿ. ಒಂದು ಮಾತು ಮೀರಲಾರದೆ ಮಗಳ ಕೈ ಕಳೆದವನು ಇನ್ನೊಂದು ಮಾತು ಕಾಪಾಡಿ ಏನು ಮಾಡಲಿ? ಆ ದಿನ ಚಿಕ್ಕತಾಯಿ ಎಷ್ಟೋ ತಿಂಗಳ ಮೇಲೆ ತಾನಾಗಿ ನನ್ನ ಜೊತೆ ಮಾತಾಡಿದಳು. "ವಸಿ ನೀರು ಹಾಕಿ, ಗಟ್ಟಿ ಆಯ್ತು" ಅಂದಳು.

ನಾಲ್ಕು ತಿಂಗಳು ಏನೂ ಆಗಲಿಲ್ಲ. ದಿನಾ ಬೆಳಿಗ್ಗೆ ಬೋಗುಣಿಗೆ ನೀರು ಹುಯ್ದು, ನನ್ನ ಕೈ ಅದ್ದಿ ಬಿಸಿ ನೋಡಿ, ಆಮೇಲೆ ಅವಳ ಕೈ ಇಡುತ್ತಿದ್ದೆ. ಅವಳಿಗೆ ತಿಳಿಯುವುದಿಲ್ಲವಲ್ಲ. ಒಂದು ದಿನ ನನ್ನ ಗಮನ ಎಲ್ಲೋ ಇತ್ತು. ನೋಡದೆ ಇಟ್ಟುಬಿಟ್ಟೆ.

"ಬಿಸಿ ಅಪ್ಪಯ್ಯ."

ನನಗೆ ಅರ್ಥವಾಗಲಿಲ್ಲ.

"ಬಿಸಿ! ಬಿಸಿ ಅಪ್ಪಯ್ಯ, ಈ ಬೆರಳು!"

ತೋರುಬೆರಳು. ಚಿಕ್ಕತಾಯಿ ಒಲೆಯ ಮುಂದಿನಿಂದ ಓಡಿಬಂದಳು. ನಾನು ಆ ಬೋಗುಣಿಯ ಮುಂದೆ ಕೂತು ಗೊಳೋ ಅಂತ ಅತ್ತೆ. ನೂರಾರು ಜನರಿಗೆ ಮಣ್ಣು ಮುಕ್ಕಿಸಿದವನು ನಾನು. ಕೆಂಪಿ ಹೆದರಿ, "ಇಲ್ಲ ಅಪ್ಪಯ್ಯ, ಬಾಳ ಬಿಸಿ ಇಲ್ಲ ಬುಡು" ಅಂತ ನನಗೇ ಸಮಾಧಾನ ಹೇಳಿದಳು.

ಈಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಅಷ್ಟಿಷ್ಟು ಬಿಚ್ಚುತ್ತವೆ. ಬಳಪ ಹಿಡಿಯುತ್ತಾಳೆ. ಅಕ್ಷರ ಎಡಗೈಯಲ್ಲೇ ಬರೆಯುವುದು, ಆದರೆ ಗೆರೆ ಎಳೆಯಲು ಬಲಗೈ. ಐದು ಕಲ್ಲಿನ ಆಟದಲ್ಲಿ ಹಿಂದೆ ಇಡೀ ಬೀದಿಗೇ ಅವಳು ಮೊದಲು. ಈಗ ಎರಡು ಕಲ್ಲು ಹಿಡಿಯುತ್ತಾಳೆ, ಮೂರನೆಯದು ಬೀಳುತ್ತದೆ. ಉಳಿದ ಎರಡು ಬೆರಳು ಮಡಚಿಕೊಂಡೇ ಇವೆ. ಅವು ಬಿಚ್ಚುವುದಿಲ್ಲ. ಡಾಕ್ಟರು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು. ದಿನಾ ಮುಟ್ಟುವವನಿಗೆ ಗೊತ್ತಾಗುತ್ತದೆ.

ಹೋದ ವಾರ ನಡೆದದ್ದನ್ನು ಬರೆದು ಮುಗಿಸುತ್ತೇನೆ.

ಬೆಳಿಗ್ಗೆ ಬೋಗುಣಿಗೆ ನೀರು ಹುಯ್ಯುತ್ತಿದ್ದೆ. ಬಿಳಿಕೆರೆಯ ಕಡೆಯ ಒಬ್ಬ ಹೆಂಗಸು ಸೊಂಟದ ಮೇಲೆ ಮಗಳನ್ನು ಕೂರಿಸಿಕೊಂಡು ಬಂದಳು. ಐದು ವರ್ಷದ ಹುಡುಗಿ. ಹಿಂದಿನ ದಿನ ಸಂಜೆ ಬಿದ್ದು ಕೈ ಮುರಿದಿತ್ತಂತೆ. ಅವರ ಹಳ್ಳಿಯವರೇ ಯಾರೋ ದಬ್ಬೆ ಕಟ್ಟಿದ್ದರು. ಮೊಟ್ಟೆ, ಉದ್ದಿನ ಹಿಟ್ಟು. ನಮ್ಮದೇ ಕಟ್ಟು. ಹುಡುಗಿ ಕಿರುಚಿ ಕಿರುಚಿ ಗಂಟಲು ಕಟ್ಟಿತ್ತು.

"ಒಂದೇ ಸಮ್ಕೆ ಅಳ್ತದೆ ಉಸ್ತಾದ್ರೇ. ನೀವು ಒಂದ್ಸಲ ಮುಟ್ಟಿ ಆಂಜನೇಯನ ವಿಭೂತಿ ಮಡಗಿ, ಸಾಕು."

"ನಾನು ಈಗ ಮೂಳೆ ಮುಟ್ಟಾದಿಲ್ಲ ಕಣವ್ವ. ಮೈಸೂರಿಗೆ ಓಗು, ಈಗ್ಲೇ ಬಸ್ ಅದೆ" ಅಂದೆ. ಅಂದದ್ದು ನಿಜ. ಆ ಕಟ್ಟನ್ನು ಕಣ್ಣೆತ್ತಿ ನೋಡಲು ನನಗೆ ಧೈರ್ಯವಿರಲಿಲ್ಲ.

ಕೆಂಪಿ ಜಗಲಿ ಇಳಿದು ಹೋದಳು. ಎಡಗೈಯಲ್ಲಿ ಹುಡುಗಿಯ ಕಿರುಬೆರಳು ಹಿಡಿದು ಉಗುರು ಒತ್ತಿ ಬಿಟ್ಟಳು. ಕಾದಳು. ಇನ್ನೊಂದು ಸಲ ಒತ್ತಿದಳು. ಉಗುರು ಬೆಳ್ಳಗೇ ಇತ್ತು. ನನ್ನ ಕಡೆ ತಿರುಗಿದಳು.

"ಅಪ್ಪಯ್ಯ, ಬಿಚ್ಚು."

ಅದೇ ಮಾತು. ಅದೇ ದನಿ.

"ಅಯ್ಯೋ, ಒಂಬತ್ತು ದಿನ ಆಗ್ನಿಲ್ವಲ್ಲ!" ಅಂತ ತಾಯಿ ಮಗುವನ್ನು ಹಿಂದಕ್ಕೆ ಎಳೆದುಕೊಂಡಳು. ಚಿಕ್ಕತಾಯಿ ಒಳಗಿನಿಂದ ಬಂದು ಕುಡುಗೋಲನ್ನು ನನ್ನ ಕೈಗೆ ಕೊಟ್ಟಳು. ಹೋಗಿ ಆ ತಾಯಿಯ ಹೆಗಲು ಹಿಡಿದು ಕೂರಿಸಿದಳು. ನಾನು ದಾರ ಕುಯ್ದೆ, ದಬ್ಬೆ ಬಿಡಿಸಿದೆ, ಅಂಟಿದ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ ಸುತ್ತು ಸುತ್ತಾಗಿ ತೆಗೆದೆ. ಕೊನೆಯ ಸುತ್ತು ಬಿಟ್ಟ ಮೇಲೆ ಬೆರಳುಗಳಿಗೆ ಬಣ್ಣ ಬಂತು. ಬುಡದಿಂದ ತುದಿಯವರೆಗೆ, ನಮ್ಮ ಕಣ್ಣೆದುರೇ ಬಂತು. ಹುಡುಗಿ ಬಿಕ್ಕುತ್ತಾ ಬಿಕ್ಕುತ್ತಾ ಅಮ್ಮನ ತೊಡೆಯ ಮೇಲೆ ನಿದ್ದೆ ಹೋಯಿತು. ನಿದ್ದೆಯಲ್ಲಿ ಅದರ ಬೆರಳು ಒಂದೊಂದೇ ಆಡಿದವು.

ಬಟ್ಟೆಯ ಜೋಲಿಯಲ್ಲಿ ಕೈ ಸಡಿಲವಾಗಿ ಇಳಿಬಿಟ್ಟು, ಚಿಕ್ಕತಾಯಿಯನ್ನೇ ಜೊತೆ ಮಾಡಿ ಮೈಸೂರು ಬಸ್ಸಿಗೆ ಹತ್ತಿಸಿದೆ. ವಾಪಸು ಬಂದು ಬೋಗುಣಿಗೆ ಬೇರೆ ಬಿಸಿನೀರು ಹುಯ್ದಿಟ್ಟು ನೋಡಿದರೆ ಕೆಂಪಿ ಜಗಲಿಯ ಮೇಲೆ ಕೂತು ಕುಯ್ದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಎಷ್ಟು ಬೇಗ ಬಿಚ್ಬುಟ್ಟೆ ಅಪ್ಪಯ್ಯ" ಅಂದಳು.

ದೂರಲಿಲ್ಲ. ಬೇಜಾರಿನ ದನಿಯೂ ಅಲ್ಲ. ಬಿಚ್ಚುವುದು ಇಷ್ಟು ಸುಲಭವಾ ಅಂತ ಕೇಳಿದ ಹಾಗಿತ್ತು. ಕ್ಷಮಿಸು ಅಂತ ಮಗಳ ಹತ್ತಿರ ಹೇಗೆ ಕೇಳುವುದೋ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅವಳ ಪಕ್ಕ ಕೂತೆ. ದಾರ ಬಿಡಿಸಿದೆ. ಆ ಮಡಚಿದ ಎರಡು ಬೆರಳನ್ನು ನನ್ನ ಅಂಗೈಯಲ್ಲಿ ಹಿಡಿದುಕೊಂಡು, "ನಿಂಗೂ ಬಿಚ್ಬೇಕಾಗಿತ್ತು ಕಣವ್ವ" ಅಂದೆ. ಅಷ್ಟು ಹೇಳಲು ನನಗೆ ಒಂದು ವರ್ಷ ಹಿಡಿಯಿತು.

ಅವಳು ಹೂಂ ಅಂದಳು. ಆಮೇಲೆ ಎದ್ದು ಹೋಗಿ ಬೋಗುಣಿಯ ಮುಂದೆ ಕೂತು, ಅದೇ ಬಲಗೈಯ ಮೂರು ಬೆರಳನ್ನು ನೀರಿಗೆ ಅದ್ದಿ ನೋಡಿದಳು.

"ನೀರು ಆರ್ತಾ ಅದೆ ಅಪ್ಪಯ್ಯ. ಬಾ."